ಕಣ ಚಿಕ್ಕದಾದರೆ ಆಳೇನು ಮಾಡಿಯಾನು?

ಹೊಳಲ್ಕೆರೆಯಿಂದ ಬಂದಿದ್ದ ಹುಡುಗಿ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅವಳ ಅಕ್ಕ 2018ರಲ್ಲಿ ಬಿ.ಎಸ್ಸಿ. ಸೇರಿದಾಗ ಮನೆಯವರು ಕಷ್ಟಪಟ್ಟು ಕೊಡಿಸಿದ್ದು. ಅಕ್ಕನ ಓದು ಮುಗಿಯಿತು, ಮದುವೆಯೂ ಆಯಿತು. ಲ್ಯಾಪ್‌ಟಾಪ್ ತಂಗಿಯ ಪಾಲಿಗೆ ಬಂತು. ಈಗ ಬಿ.ಕಾಂ. ಪ್ರಾಜೆಕ್ಟು, ಟ್ಯಾಲಿ ಕಲಿಕೆ, ಆನ್‌ಲೈನ್ ಅರ್ಜಿ ಎಲ್ಲವೂ ಅದರಲ್ಲೇ ನಡೆಯಬೇಕು. “ಸಾರ್, ಆನ್ ಮಾಡಿಟ್ಟು ಕೊಟ್ಟಿಗೆ ಗುಡಿಸಿ ಬಂದ್ರೂ ಇನ್ನೂ ಸುತ್ತುತ್ತಾನೇ ಇರುತ್ತೆ. 3200ರ ಫಾಸ್ಟ್ ರ‍್ಯಾಮ್ ಹಾಕಿಸಿದ್ರೆ ಹೊಸದರ ಹಾಗೆ ಓಡುತ್ತೆ ಅಂತ ಅಂಗಡಿಯವರು ಹೇಳಿದ್ರು. ಮೆಕ್ಕೆಜೋಳದ ದುಡ್ಡು ಬಂದ ಮೇಲೆ ಕೊಡ್ತೀನಿ ಅಂತ ಅಪ್ಪ ಒಪ್ಪಿದ್ದಾರೆ. ಹಾಕಿಸಲಾ ಸಾರ್?” ಎಂದಳು.

ಈ ಪ್ರಶ್ನೆ ಅವಳೊಬ್ಬಳದಲ್ಲ. 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಅದೇ ವರ್ಷ ಕೊರೊನಾ ಬಂದು ತರಗತಿಗಳು ಪರದೆಗೆ ಬಂದವು. ಸಾಲ ಮಾಡಿ ಹೊಸದು ಕೊಂಡವರು ಕೆಲವರಾದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದವರು ಹಲವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ, ಆನ್‌ಲೈನ್ ಸೇವಾ ಕೇಂದ್ರಗಳಲ್ಲಿ ಈಗ ಓಡುತ್ತಿರುವುದು ಹೆಚ್ಚಾಗಿ ಇಂಥವೇ. ಎಲ್ಲಕ್ಕೂ ವಯಸ್ಸಾಗಿದೆ. ಹೊಸದು ಕೊಳ್ಳಲು ಕೈ ಸಾಲದು. ಹಾಗಾಗಿ “ಇದಕ್ಕೇ ಏನಾದರೂ ಹಾಕಿಸೋಣ” ಎಂದು ಹೊರಟವರ ಎದುರು ಮೊದಲು ಬಂದು ನಿಲ್ಲುವ ಮಾತು ಈ ‘ಫಾಸ್ಟ್ ರ‍್ಯಾಮ್’.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲ್ಯಾಪ್‌ಟಾಪಿಗೆ ರ‍್ಯಾಮ್, ಅಂದರೆ ಮೆಮೊರಿ, ಹಾಕಿಸುವುದು ಬಹಳ ಸಲ ಒಳ್ಳೆಯ ನಿರ್ಧಾರ. ಆದರೆ ಹೆಚ್ಚಿನ ವೇಗದ ಮೆಮೊರಿ ಬೇಕೆಂದು ಹೆಚ್ಚಿನ ದುಡ್ಡು ಕೊಡುವುದು ಬಹುಪಾಲು ವ್ಯರ್ಥ. ಯಾಕೆಂದು ತಿಳಿದುಕೊಂಡರೆ ಮುಂದೆ ಯಾವ ಅಂಗಡಿಯಲ್ಲೂ ನೀವು ಗೊಂದಲಕ್ಕೆ ಬೀಳುವುದಿಲ್ಲ.

ಹುಡುಗಿಯ ಲ್ಯಾಪ್‌ಟಾಪನ್ನು ಆನ್ ಮಾಡಿ ಕಾದೆವು. ಪರದೆ ಬಂದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಯಂತ್ರದ ನಾಡಿ ಸಿಗುವುದು ಅಲ್ಲಿ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದು, ಅವಳ ಪ್ರಾಜೆಕ್ಟಿನ ಕಡತವನ್ನೂ ತೆರೆಯಲು ಹೇಳಿದೆ. 4 ಜಿಬಿ ಮೆಮೊರಿಯಲ್ಲಿ 3.6 ಜಿಬಿ ತುಂಬಿಹೋಗಿತ್ತು. ಪ್ರೊಸೆಸರಿನ ಗೆರೆ ಕೆಳಗೇ ತೆವಳುತ್ತಿತ್ತು; ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಡಿಸ್ಕಿನ ಎದುರು ಮಾತ್ರ 100 ಎಂಬ ಅಂಕಿ ಕದಲದೆ ಕೂತಿತ್ತು. ಕಿವಿಗೊಟ್ಟರೆ ಒಳಗಿನ ಹಾರ್ಡ್‌ಡಿಸ್ಕಿನ ಕಟಕಟ ಸದ್ದೂ ಕೇಳುತ್ತಿತ್ತು. “ನೋಡಮ್ಮಾ, ಇದರ ರೋಗ ಇಲ್ಲಿದೆ” ಎಂದೆ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಲ್ಯಾಪ್‌ಟಾಪಿನ ಮೆಮೊರಿ ಎಂದರೆ ಒಕ್ಕಣೆಯ ಕಣ. ಹಾರ್ಡ್‌ಡಿಸ್ಕ್ ಎಂದರೆ ಹಗೇವು. ಪ್ರೊಸೆಸರ್ ಕಣದಲ್ಲಿ ನಿಂತ ಆಳು. ಹಗೇವಿನಲ್ಲಿ ಎಷ್ಟೇ ಕಾಳಿದ್ದರೂ ಆಳು ಅಲ್ಲಿಗೇ ಇಳಿದು ಕೆಲಸ ಮಾಡುವುದಿಲ್ಲ; ಬೇಕಾದ್ದನ್ನು ಕಣಕ್ಕೆ ತಂದು ಹರಡಿಕೊಂಡರೇ ಕೆಲಸ. ಕಣ ಚಿಕ್ಕದಾಗಿದ್ದರೆ ಏನಾಗುತ್ತದೆ? ರಾಗಿ ಹರಡಿರುವಾಗ ಶೇಂಗಾ ಬೇಕೆಂದರೆ ರಾಗಿಯನ್ನು ಮೂಟೆ ಕಟ್ಟಿ ಒಳಗಿಟ್ಟು ಶೇಂಗಾ ತರಬೇಕು. ಮತ್ತೆ ರಾಗಿ ಬೇಕೆಂದರೆ ಶೇಂಗಾ ಒಳಗೆ, ರಾಗಿ ಹೊರಗೆ. ದಿನವೆಲ್ಲ ಹೊತ್ತಾಟವೇ, ಒಕ್ಕಣೆ ಮಾತ್ರ ಇಲ್ಲ. ಎಂಥ ಗಟ್ಟಿ ಆಳನ್ನು ತಂದು ನಿಲ್ಲಿಸಿದರೂ ಇಲ್ಲಿ ಪ್ರಯೋಜನವಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದದ್ದು ಇದೇ. ಮೆಮೊರಿ ತುಂಬಿದಾಗ ವಿಂಡೋಸ್ ಅದರಲ್ಲಿನ ಒಂದಷ್ಟನ್ನು ಡಿಸ್ಕಿಗೆ ಹೊತ್ತು ಹಾಕುತ್ತದೆ, ಬೇಕೆಂದಾಗ ಮತ್ತೆ ಹೊತ್ತು ತರುತ್ತದೆ.

ಈ ಹೊತ್ತಾಟ ಹೊಸ ಸಂಗತಿಯಲ್ಲ. ಅಮೆರಿಕದ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಇದರ ಕಾರಣ ಮತ್ತು ಪರಿಹಾರ ಕುರಿತು ಪ್ರಬಂಧ ಬರೆದರು. ಇದಕ್ಕೆ ಕಂಪ್ಯೂಟರ್ ಲೋಕದಲ್ಲಿ ‘ಥ್ರ್ಯಾಶಿಂಗ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಒಕ್ಕಣೆಗೆ ಹೇಳುವ ಪದವೂ ಇದೂ ಒಂದೇ ಬೇರಿನವು ಎಂದು ತಿಳಿದಾಗ ಕಣದ ಹೋಲಿಕೆ ನನಗೆ ಇನ್ನಷ್ಟು ಹಿಡಿಸಿತು. ಕೋಣೆ ತುಂಬುವ ಗಾತ್ರದ ಯಂತ್ರಗಳ ಕಾಲದಲ್ಲಿ ಗುರುತಿಸಿದ ಕಾಯಿಲೆ ಇಂದಿಗೂ ನಮ್ಮೂರಿನ 4 ಜಿಬಿ ಲ್ಯಾಪ್‌ಟಾಪ್‌ಗಳನ್ನು ಬಿಟ್ಟಿಲ್ಲ. ಅದರ ಮದ್ದೂ ಅಂದಿನದೇ: ಕೆಲಸಕ್ಕೆ ಬೇಕಾದಷ್ಟು ಜಾಗ ಮೆಮೊರಿಯಲ್ಲಿ ಇರಬೇಕು.

ಹೊತ್ತಾಟ ಎಷ್ಟು ದುಬಾರಿ ಎಂಬುದನ್ನು ಲೆಕ್ಕದಲ್ಲೇ ನೋಡೋಣ. ಪ್ರೊಸೆಸರ್ ಮೆಮೊರಿಯಿಂದ ಒಂದು ತುಣುಕು ಮಾಹಿತಿ ತರಿಸಿಕೊಳ್ಳಲು ಹಾದಿಯ ಖರ್ಚೆಲ್ಲ ಸೇರಿ ಸುಮಾರು 100 ನ್ಯಾನೋಸೆಕೆಂಡ್ ಬೇಕು. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಸೆಕೆಂಡ್. ಹಾರ್ಡ್‌ಡಿಸ್ಕಿನ ಜಾಗದಲ್ಲಿ ಹಾಕುವ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಿಂದ ತರಲು ಸುಮಾರು 0.1 ಮಿಲಿಸೆಕೆಂಡ್; ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಸಾಮಾನ್ಯ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತು ಕಾಯಬೇಕು, ಜೊತೆಗೆ ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ಎಲ್ಲ ಸೇರಿ 15ರಿಂದ 18 ಮಿಲಿಸೆಕೆಂಡ್. ಮೆಮೊರಿಯ ಆ 100 ನ್ಯಾನೋಸೆಕೆಂಡನ್ನು ನಮ್ಮ ಒಂದು ಸೆಕೆಂಡ್ ಎಂದು ಹಿಗ್ಗಿಸಿಕೊಳ್ಳಿ. ಆಗ ಎಸ್‌ಎಸ್‌ಡಿ ಹದಿನೇಳು ನಿಮಿಷ ತೆಗೆದುಕೊಳ್ಳುತ್ತದೆ, ಹಾರ್ಡ್‌ಡಿಸ್ಕ್ ಎರಡು ದಿನ! ಎರಡು ದಿನದ ಕಾಯುವಿಕೆ ಇರುವಲ್ಲಿ ಆ ಒಂದು ಸೆಕೆಂಡಿನಲ್ಲಿ ಚೂರುಪಾರು ಉಳಿಸಲು ದುಡ್ಡು ಸುರಿಯುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ.

ಹಾಗಾದರೆ 3200 ಎಂಬ ಅಂಕಿಯ ಅರ್ಥವೇನು? ಅದನ್ನು ಕಣ್ಣಿಂದಲೇ ನೋಡೋಣವೆಂದು ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬೋರಲು ಹಾಕಿದೆ. ಸ್ಕ್ರೂಗಳನ್ನು ಬಿಚ್ಚಿ ಹಿಂಬದಿಯ ಮುಚ್ಚಳವನ್ನು ಅಂಚಿನಿಂದ ಎಬ್ಬಿಸಿ, ಮೊದಲು ಬ್ಯಾಟರಿಯ ತಂತಿಯನ್ನು ಬಿಡಿಸಿದೆ. ಬೆರಳಷ್ಟು ಉದ್ದದ ಹಸಿರು ಮೆಮೊರಿ ಪಟ್ಟಿಯೊಂದು ಅಡ್ಡ ಮಲಗಿತ್ತು. ಎರಡೂ ಬದಿಯಲ್ಲಿ ಉಕ್ಕಿನ ಪುಟ್ಟ ಕೊಂಡಿಗಳು. ಅವನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹುಡುಗಿ ಅದನ್ನು ಅಂಚಿನಲ್ಲಿ ಹಿಡಿದು ಎಳೆದಳು. ಎಂಟು ಕಪ್ಪು ಚಿಪ್, ಒಂದು ಬಿಳಿ ಚೀಟಿ. ಚೀಟಿಯ ಮೇಲೆ ‘4ಜಿಬಿ 1ಆರ್‌ಎಕ್ಸ್8 ಪಿಸಿ4-2133ಪಿ’ ಎಂದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಗೂಡು ಖಾಲಿ ಬಿದ್ದಿತ್ತು. ಅದರಲ್ಲಿ ಏಳು ವರ್ಷದ ಧೂಳು.

ಚೀಟಿಯ ಒಗಟು ಕಷ್ಟದ್ದಲ್ಲ. ‘ಪಿಸಿ4’ ಎಂದರೆ ಡಿಡಿಆರ್4 ಪೀಳಿಗೆ. 2133 ಎಂದರೆ ಒಂದು ಸೆಕೆಂಡಿಗೆ ಎಷ್ಟು ಸಲ ಮಾಹಿತಿ ಕೈ ಬದಲಿಸುತ್ತದೆ ಎಂಬುದು, ದಶಲಕ್ಷದ ಲೆಕ್ಕದಲ್ಲಿ. ಪ್ರತಿ ಸಲಕ್ಕೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 17,000 ಎಂಬಿ. 3200ರ ಪಟ್ಟಿಯಾದರೆ 25,600 ಎಂಬಿ. ಕೇಳಿದರೆ ಒಂದೂವರೆ ಪಟ್ಟು! ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಇಡೀ ನಿಜವೂ ಅಲ್ಲ.

ಹಿರಿಯೂರಿನ ಕಡೆಯವರಿಗೆ ಇದನ್ನು ವಾಣಿ ವಿಲಾಸ ಸಾಗರದ ನಾಲೆಯ ಲೆಕ್ಕದಲ್ಲಿ ಹೇಳಬಹುದು. ಮಾರಿಕಣಿವೆಯಲ್ಲಿ ತೂಬು ಎತ್ತಿದ ಮೇಲೆ ನಾಲೆಯ ಕೊನೆಯ ಹೊಲಕ್ಕೆ ನೀರು ಮುಟ್ಟಲು ಇಂತಿಷ್ಟು ಹೊತ್ತು ಬೇಕು. ನಾಲೆಯನ್ನು ಅಗಲ ಮಾಡಿದರೆ ಬರುವ ನೀರಿನ ಪ್ರಮಾಣ ಹೆಚ್ಚುತ್ತದೆ. ಆದರೆ ಹಾದಿಯ ಉದ್ದವೇನೂ ಕಡಿಮೆಯಾಗುವುದಿಲ್ಲ, ಮೊದಲ ನೀರಿಗೆ ಕಾಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಮೆಮೊರಿಯ ಮೇಲೆ ಬರೆದ 2133, 2666, 3200 ಇವೆಲ್ಲ ನಾಲೆಯ ಅಗಲ. ಮೊದಲ ನೀರಿಗೆ ಕಾಯುವ ಹೊತ್ತನ್ನು ಹೇಳುವ ಅಂಕಿ ಬೇರೆಯೇ ಇದೆ. ಅದಕ್ಕೆ ‘ಸಿಎಲ್’ ಎನ್ನುತ್ತಾರೆ. ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಈ ಅಂಕಿಯನ್ನು ಲೆಕ್ಕ ಹಾಕಿ ನೋಡಿದವರಿಗೆ ಆಶ್ಚರ್ಯ ಕಾದಿದೆ. ಹುಡುಗಿಯ 2133ರ ಪಟ್ಟಿಯ ಸಿಎಲ್ 15. ಅಂದರೆ ಮೆಮೊರಿಯ ಗಡಿಯಾರದ 15 ಬಡಿತ ಕಾಯಬೇಕು. ಒಂದೊಂದು ಬಡಿತ 0.94 ನ್ಯಾನೋಸೆಕೆಂಡ್, ಒಟ್ಟು 14 ನ್ಯಾನೋಸೆಕೆಂಡ್. ಲ್ಯಾಪ್‌ಟಾಪ್‌ಗಳಿಗೆ ಬರುವ ಸಾಮಾನ್ಯ 3200ರ ಪಟ್ಟಿಯ ಸಿಎಲ್ 22. ಬಡಿತ ಚಿಕ್ಕದು, 0.625 ನ್ಯಾನೋಸೆಕೆಂಡ್, ಆದರೆ 22 ಸಲ ಕಾಯಬೇಕು. ಗುಣಿಸಿದರೆ 13.75. ಇವೆರಡಕ್ಕೂ ಮೊದಲಿನ ಡಿಡಿಆರ್3 ಕಾಲದ 1333ರ ಪಟ್ಟಿಯನ್ನೂ ನೋಡಿ: ಸಿಎಲ್ 9, ಬಡಿತ 1.5, ಒಟ್ಟು 13.5. ಹೆಸರಿನ ಮುಂದಿನ ಅಂಕಿ 1333ರಿಂದ 3200ಕ್ಕೆ ಏರಿದರೂ ಮೊದಲ ತುತ್ತಿಗೆ ಕಾಯುವ ಹೊತ್ತು ಇದ್ದಲ್ಲೇ ಇದೆ.

ಇದಕ್ಕೆ ಕಾರಣ ಮೆಮೊರಿಯ ಹುಟ್ಟಿನಲ್ಲೇ ಇದೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿನ ಮೆಮೊರಿಗೂ ತಳಹದಿ. ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ವಿದ್ಯುತ್ತನ್ನು ಹಿಡಿದಿಡುವ ಒಂದು ಪುಟ್ಟ ಕುಡಿಕೆ. ಆ ಕುಡಿಕೆ ಸದಾ ಸೋರುತ್ತದೆ. 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಓದುವಾಗ ಅದರಲ್ಲಿನ ಅತಿ ಸಣ್ಣ ವಿದ್ಯುತ್ತನ್ನು ಗುರುತು ಹಿಡಿದು ಹಿಗ್ಗಿಸಬೇಕು. ಈ ಭೌತಿಕ ಕೆಲಸವನ್ನು ಅವಸರಪಡಿಸುವುದು ಕಷ್ಟ. 1995ರಲ್ಲೇ ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕ್ಕೀ ಎಂಬ ವಿಜ್ಞಾನಿಗಳು ಪ್ರೊಸೆಸರ್ ಮುಂದೋಡುತ್ತಿದೆ, ಮೆಮೊರಿ ಹಿಂದುಳಿಯುತ್ತಿದೆ ಎಂದು ಎಚ್ಚರಿಸಿ ಇದನ್ನು ‘ಮೆಮೊರಿ ಗೋಡೆ’ ಎಂದು ಕರೆದರು. ಗೋಡೆಯನ್ನು ದಾಟಲು ಪ್ರೊಸೆಸರ್ ಮಾಡುವವರು ಬಳಸುವ ದಾರಿ ಬೇರೆ. ಪ್ರೊಸೆಸರಿನ ಒಳಗೇ ‘ಕ್ಯಾಶೆ’ ಎಂಬ ಕಿರುಗಣಜ ಇಡುತ್ತಾರೆ. ಹುಡುಗಿಯ ಲ್ಯಾಪ್‌ಟಾಪಿನ ಐ3-6006ಯು ಪ್ರೊಸೆಸರಿನಲ್ಲೂ 3 ಎಂಬಿಯ ಅಂಥ ಕಣಜವಿದೆ. ಪದೇ ಪದೇ ಬೇಕಾಗುವುದೆಲ್ಲ ಅಲ್ಲೇ ಸಿಗುವುದರಿಂದ ಪತ್ರ ಟೈಪು ಮಾಡುವಾಗ, ಲೆಕ್ಕ ಬರೆಯುವಾಗ, ಪುಟ ಓದುವಾಗ ಮೆಮೊರಿಯ ನಾಲೆ ಅಗಲವೋ ಕಿರಿದೋ ಎಂಬುದು ಬೆರಳಿಗೆ ಗೊತ್ತಾಗುವುದೇ ಇಲ್ಲ.

ಇನ್ನೂ ಒಂದು ತೊಡಕಿದೆ. ಅದನ್ನು ಹಿರಿಯೂರಿನ ಗೆಳೆಯರೊಬ್ಬರು ದುಡ್ಡು ಕೊಟ್ಟು ಕಲಿತರು. ಪಹಣಿ, ಜಾತಿ–ಆದಾಯ ಪ್ರಮಾಣಪತ್ರಗಳಿಗೆ ಅರ್ಜಿ ಹಾಕಿಕೊಡುವುದು ಅವರ ಕಸುಬು. ಅವರ ಲ್ಯಾಪ್‌ಟಾಪಿನಲ್ಲಿದ್ದ 8 ಜಿಬಿ ಪಟ್ಟಿ ಚೆನ್ನಾಗಿಯೇ ಇತ್ತು. ವೇಗದ ಆಸೆಗೆ ಅದನ್ನು ತೆಗೆಸಿ 8 ಜಿಬಿಯದೇ 3200ರ ಪಟ್ಟಿ ಹಾಕಿಸಿದರು. ಏನೂ ಬದಲಾಗಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಹೊಸ ಪಟ್ಟಿಯೂ 2133ರಲ್ಲೇ ಓಡುತ್ತಿತ್ತು. ಹುಡುಗಿಯದರಂತೆ ಅವರದ್ದೂ ಇಂಟೆಲ್‌ನ ಆರನೇ ಪೀಳಿಗೆಯ ಪ್ರೊಸೆಸರ್. ಅದರೊಳಗಿನ ಮೆಮೊರಿ ನಿಯಂತ್ರಕಕ್ಕೆ ಡಿಡಿಆರ್4ನಲ್ಲಿ 2133ರ ಮೇಲೆ ಗೊತ್ತಿಲ್ಲ. ಎಂಟನೇ ಪೀಳಿಗೆಯ ಸಾಮಾನ್ಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮಿತಿ 2400, ಹತ್ತನೆಯದರಲ್ಲಿ ಬಹಳಷ್ಟಕ್ಕೆ 2666. ಎರಡಿಂಚು ನೀರಿರುವ ಬೋರಿಗೆ ಹತ್ತು ಎಚ್‌ಪಿ ಮೋಟಾರ್ ಇಳಿಸಿದರೂ ಬರುವುದು ಎರಡಿಂಚೇ ಎಂದು ನಮ್ಮ ಅಡಿಕೆ ತೋಟದವರಿಗೆ ಹೇಳಿಕೊಡಬೇಕಿಲ್ಲ. ಎರಡು ಗೂಡಿನಲ್ಲಿ ಬೇರೆ ಬೇರೆ ವೇಗದ ಪಟ್ಟಿ ಇದ್ದರೂ ಹೀಗೆಯೇ: ನಿಧಾನದ್ದು ಎಷ್ಟೋ ಎರಡೂ ಅಷ್ಟೇ.

ಇದರಿಂದ ಒಂದು ಅನುಕೂಲವೂ ಉಂಟು. 3200ರ ಪಟ್ಟಿ ಹಳೆಯ ಡಿಡಿಆರ್4 ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ವೇಗ ತಗ್ಗಿಸಿಕೊಂಡು ತಕರಾರಿಲ್ಲದೆ ಓಡುತ್ತದೆ. ಅಂಗಡಿಯಲ್ಲಿ ಅದೊಂದೇ ಸಿಕ್ಕಿದರೆ, ಬೆಲೆಯೂ ಹೆಚ್ಚಿಲ್ಲದಿದ್ದರೆ, ತೆಗೆದುಕೊಳ್ಳಿ. ಆ ಅಂಕಿಗಾಗಿ ಹೆಚ್ಚು ಕೊಡಬೇಡಿ ಅಷ್ಟೇ. ಅದಕ್ಕಾಗಿ ಇರುವ ಒಳ್ಳೆಯ ಪಟ್ಟಿಯನ್ನಂತೂ ತೆಗೆಸಲೇಬೇಡಿ.

ವೇಗದಿಂದ ನಿಜಕ್ಕೂ ಲಾಭವಾಗುವ ಸಂದರ್ಭ ಇಲ್ಲವೇ ಎಂದರೆ, ಇದೆ. ಹೊಸದುರ್ಗದಲ್ಲಿ ಮದುವೆಯ ವೀಡಿಯೊ ಎಡಿಟ್ ಮಾಡುವ ಹುಡುಗನ ಬಳಿ ಎಎಂಡಿಯ ರೈಜನ್ 5 3500ಯು ಪ್ರೊಸೆಸರಿನ ಲ್ಯಾಪ್‌ಟಾಪ್ ಇತ್ತು. ಒಂದು ಗೂಡಿನಲ್ಲಿ 8 ಜಿಬಿ, ಇನ್ನೊಂದು ಖಾಲಿ. ಇಂಥ ಪ್ರೊಸೆಸರಿನ ಒಳಗೇ ಚಿತ್ರ ಮೂಡಿಸುವ ಭಾಗವೂ ಇರುತ್ತದೆ, ಅದಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ. ಅದೂ ಈ ನಾಲೆಯ ನೀರನ್ನೇ ಹಂಚಿಕೊಂಡು ಕುಡಿಯಬೇಕು. ಚಿತ್ರ, ವೀಡಿಯೊ, ಆಟಗಳಲ್ಲಿ ಮಾಹಿತಿ ಒಂದೇ ಸಮನೆ ಹರಿಯುವುದರಿಂದ ಇಲ್ಲಿ ನಾಲೆಯ ಅಗಲಕ್ಕೆ ನಿಜವಾದ ಬೆಲೆಯಿದೆ. ಹುಡುಗ ಖಾಲಿ ಗೂಡಿಗೆ ಇನ್ನೊಂದು 8 ಜಿಬಿ ಪಟ್ಟಿ ಹಾಕಿಸಿದ. ಈಗ ಎರಡು ನಾಲೆ ಒಟ್ಟಿಗೆ ಹರಿಯುತ್ತಿವೆ. 64 ಬಿಟ್ಟಿನ ದಾರಿ 128 ಬಿಟ್ಟಿನದಾಯಿತು. ಇದಕ್ಕೆ ‘ಡ್ಯುಯಲ್ ಚಾನೆಲ್’ ಎನ್ನುತ್ತಾರೆ. ಟೈಮ್‌ಲೈನಿನಲ್ಲಿ ವೀಡಿಯೊ ಮುಗ್ಗರಿಸುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಗಮನಿಸಿ, ಆ ಪ್ರೊಸೆಸರಿನ ಮಿತಿ 2400. ಅವನ ಎರಡೂ ಪಟ್ಟಿ ಓಡುತ್ತಿರುವುದು ಅದೇ 2400ರಲ್ಲಿ. ಒಂದು ಪಟ್ಟಿಯ ವೇಗ ಏರಿಸಿ ಸಿಗದಿದ್ದ ಅಗಲ, ಅದೇ ವೇಗದ ಎರಡನೇ ಪಟ್ಟಿಯಿಂದ ಸಿಕ್ಕಿತು. ಇಂಟೆಲ್‌ನ ಹನ್ನೊಂದನೇ ಪೀಳಿಗೆಯ ಲ್ಯಾಪ್‌ಟಾಪ್‌ಗಳಲ್ಲೂ ಎರಡೂ ದಾರಿ ತೆರೆದಿದ್ದರೆ ಮಾತ್ರ ಐರಿಸ್ ಎಕ್ಸ್‌ಇ ಎಂಬ ಗ್ರಾಫಿಕ್ಸ್ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುತ್ತದೆ.

ಇನ್ನು ಚಿತ್ರದುರ್ಗದ ಉಪನ್ಯಾಸಕರೊಬ್ಬರ ಪ್ರಸಂಗ. ಅವರದ್ದು 2014ರ ಲ್ಯಾಪ್‌ಟಾಪ್, ನಾಲ್ಕನೇ ಪೀಳಿಗೆಯ ಪ್ರೊಸೆಸರ್. ಯಾರದೋ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದ 1600ರ ಪಟ್ಟಿ ಸಿಕ್ಕಿತೆಂದು ತಾವೇ ಹಾಕಿದರು. ಗೂಡಿನಲ್ಲಿ ಸರಿಯಾಗಿಯೇ ಕೂತಿತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಲ್ಯಾಪ್‌ಟಾಪೇ ಹೋಯಿತೆಂದು ಗಾಬರಿಯಾಗಿ ತಂದರು. ತಪ್ಪಿದ್ದದ್ದು ಒಂದೇ ಅಕ್ಷರದಲ್ಲಿ. ಚೀಟಿಯ ಮೇಲೆ ‘ಪಿಸಿ3’ ಎಂದಿತ್ತು, ಬೇಕಿದ್ದದ್ದು ‘ಪಿಸಿ3ಎಲ್’. ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ‘ಎಲ್’ ಇರುವುದು 1.35 ವೋಲ್ಟಿನಲ್ಲಿ ನಡೆಯುತ್ತದೆ. ಆ ಪೀಳಿಗೆಯ ಲ್ಯಾಪ್‌ಟಾಪ್‌ಗಳು ಕೊಡುವುದು 1.35 ಮಾತ್ರ. ಸರಿಯಾದ ಪಟ್ಟಿ ಹಾಕಿದ ತಕ್ಷಣ ಪರದೆ ಬೆಳಗಿತು. ಪೀಳಿಗೆ ತಪ್ಪಿದರೆ ಗೂಡಿಗೆ ಹೋಗುವುದೇ ಇಲ್ಲ: ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್ನು, ಡಿಡಿಆರ್4ಗೆ 260, ಡಿಡಿಆರ್5ಗೆ 262, ನಡುವಿನ ಕಚ್ಚೂ ಬೇರೆ ಜಾಗದಲ್ಲಿ. ಹಾಗಾಗಿ ವೇಗದ ಅಂಕಿಗಿಂತ ಮೊದಲು ನೋಡಬೇಕಾದದ್ದು ಈ ಪೀಳಿಗೆಯನ್ನು ಮತ್ತು ಆ ‘ಎಲ್’ ಅಕ್ಷರವನ್ನು.

ಇಷ್ಟಾದ ಮೇಲೆ ದುಡ್ಡು ಎಲ್ಲಿ ಹಾಕಬೇಕು ಎಂಬ ಮಾತಿಗೆ ಬರೋಣ. ಮೊದಲು ಖರ್ಚೇ ಇಲ್ಲದ, ಅಥವಾ ಅತಿ ಕಡಿಮೆ ಖರ್ಚಿನ ಕೆಲಸ: ಧೂಳು ತೆಗೆಸಿ. ನಮ್ಮ ಚಿತ್ರದುರ್ಗ ಗಾಳಿಯ ಜಿಲ್ಲೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಸುಮ್ಮನೆ ಅಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಕೆಂಪು ಧೂಳೂ ಸೇರುತ್ತದೆ. ಫ್ಯಾನಿನ ಬಾಯಲ್ಲಿ ಹತ್ತಿಯಂತೆ ಕಟ್ಟಿಕೊಂಡ ಧೂಳಿನಿಂದ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ ‘ನಿಧಾನ’ದ ಲ್ಯಾಪ್‌ಟಾಪ್‌ಗಳು ಫ್ಯಾನ್ ಸ್ವಚ್ಛವಾದ ಮೇಲೆ ಚೇತರಿಸಿಕೊಂಡದ್ದನ್ನು ನೋಡಿದ್ದೇನೆ.

ಎರಡನೆಯದು, ಒಳಗೆ ಇನ್ನೂ ಹಾರ್ಡ್‌ಡಿಸ್ಕೇ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಸೆಕೆಂಡಿಗೆ ಸುಮಾರು 100 ಎಂಬಿ ಓದುವ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಸಾಟಾ ಎಂಬ ಬಗೆಯ ಎಸ್‌ಎಸ್‌ಡಿ 500 ಎಂಬಿಗೂ ಹೆಚ್ಚು ಓದುತ್ತದೆ. ಎರಡು ದಿನದ ಕಾಯುವಿಕೆ ಹದಿನೇಳು ನಿಮಿಷಕ್ಕಿಳಿಯುವುದು ಇಲ್ಲೇ. ಹಾಕಿಸುವ ಮುನ್ನ ಅಂಕಪಟ್ಟಿ, ಫೋಟೊ, ಕಡತಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ.

ಮೂರನೆಯದು ಮೆಮೊರಿಯ ಜಾಗ. 4 ಜಿಬಿ ಇದ್ದರೆ 8 ಮಾಡಿ; ಬ್ರೌಸರು, ಟ್ಯಾಲಿ, ನುಡಿ, ಆನ್‌ಲೈನ್ ತರಗತಿಗಳಿಗೆ ಅಷ್ಟು ಸಾಕು. ವೀಡಿಯೊ ಎಡಿಟಿಂಗ್, ದೊಡ್ಡ ಡಿಟಿಪಿ ಕೆಲಸ ಇದ್ದರೆ 16. ಖಾಲಿ ಗೂಡಿದ್ದರೆ ಇರುವ ಪಟ್ಟಿಯನ್ನು ಉಳಿಸಿಕೊಂಡು ಅಷ್ಟೇ ಗಾತ್ರದ್ದೊಂದನ್ನು ಸೇರಿಸುವುದು ಅಗ್ಗ, ಎರಡು ನಾಲೆಯ ಲಾಭವೂ ಉಂಟು. 32 ಬಿಟ್ಟಿನ ವಿಂಡೋಸ್ ಇದ್ದರೆ ಮಾತ್ರ ಎಚ್ಚರ. ಅದು 4 ಜಿಬಿಗಿಂತ ಹೆಚ್ಚಿನದನ್ನು ಬಳಸುವುದಿಲ್ಲ, 64 ಬಿಟ್ಟಿನದನ್ನು ಹೊಸದಾಗಿ ಹಾಕಿಸಬೇಕು. ವೇಗದ ಸರದಿ ಬರುವುದು ಇದೆಲ್ಲ ಆದ ಮೇಲೆ, ಅದೂ ನಿಮ್ಮ ಪ್ರೊಸೆಸರ್ ಒಪ್ಪುವ ಮಿತಿಯವರೆಗೆ.

ಈಗ ಈ ಲೆಕ್ಕಾಚಾರ ಮೊದಲಿಗಿಂತ ಮುಖ್ಯವಾಗಿದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದೆ. ಮೆಮೊರಿ ತಯಾರಿಕೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಡಿಕೆ ಹೆಚ್ಚಿದಂತೆ ಅವು ಆ ಕಡೆ ವಾಲಿವೆ. ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಆ ವ್ಯವಹಾರದಿಂದ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಬಳಸಿದ ಪಟ್ಟಿಯನ್ನು ಕೊಳ್ಳಲು ಹಿಂಜರಿಯಬೇಕಿಲ್ಲ. ಮೆಮೊರಿಯಲ್ಲಿ ಸವೆಯುವ, ತಿರುಗುವ ಭಾಗಗಳಿಲ್ಲ. ಅಂಗಡಿಯಲ್ಲೇ ಹಾಕಿಸಿ, ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ, ದೋಷವಿಲ್ಲವೆಂದು ನೋಡಿಕೊಂಡು ದುಡ್ಡು ಕೊಡಿ. ಹಳೆಯ ಲ್ಯಾಪ್‌ಟಾಪಿಗೆ ಹಳೆಯ 2400ರ ಪಟ್ಟಿ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಯಾವ ಲ್ಯಾಪ್‌ಟಾಪಿಗೆ ದುಡ್ಡು ಹಾಕುವ ಮುನ್ನ ಹಿಂದುಮುಂದು ನೋಡಬೇಕು ಎಂಬುದೂ ಗೊತ್ತಿರಬೇಕು. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬೇರೆ ಗೂಡಿಲ್ಲದಿದ್ದರೆ ಅಲ್ಲಿ ಮಾಡುವುದೇನೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಕ್ಕೆ ಎಷ್ಟು ಮೆಮೊರಿ ತುಂಬಿದರೂ ಆ ಬಾಗಿಲು ತೆರೆಯುವುದಿಲ್ಲ. ಹಾಗೆಂದು ಅಟ್ಟಕ್ಕೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿಕೊಂಡರೆ ಓದು, ಬರಹ, ಯೂನಿಕೋಡ್ ಕನ್ನಡ ಟೈಪಿಂಗ್, ಅಂತರ್ಜಾಲ ಎಲ್ಲ ನಡೆಯುತ್ತದೆ. ಟ್ಯಾಲಿ, ನುಡಿಯಂಥ ವಿಂಡೋಸ್ ತಂತ್ರಾಂಶಗಳೇ ಕಸುಬಾಗಿರುವವರು ಮಾತ್ರ ಯೋಚಿಸಿ ಹೆಜ್ಜೆ ಇಡಬೇಕು.

ಹೊಳಲ್ಕೆರೆಯ ಹುಡುಗಿಗೆ ಒಂದು ಚೀಟಿ ಬರೆದುಕೊಟ್ಟೆ: ಒಂದು ಸಾಟಾ ಎಸ್‌ಎಸ್‌ಡಿ, 4 ಜಿಬಿಯ ಒಂದು ಡಿಡಿಆರ್4 ಪಟ್ಟಿ, 2133 ಅಥವಾ ಮೇಲಿನದು ಯಾವುದಾದರೂ ಸರಿ, ಬಳಸಿದ್ದಾದರೂ ಸರಿ, ಇರುವ ಪಟ್ಟಿ ತೆಗೆಯಬಾರದು. ಅವಳದ್ದು ಆರನೇ ಪೀಳಿಗೆಯ ಪ್ರೊಸೆಸರ್, ವಿಂಡೋಸ್ 11ಕ್ಕೆ ಹೋಗದು ಎಂದೂ ಬಿಡಿಸಿ ಹೇಳಿದೆ. ಪದವಿ ಮುಗಿಯುವವರೆಗೆ ನಡೆದರೆ ಸಾಕು ಎಂದಳು. ವಾರದ ಮೇಲೆ ಫೋನ್ ಬಂತು. ಪರದೆ ಬರುವಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂರಲೂ ಆಗುತ್ತಿಲ್ಲ ಎಂದಳು. ಲ್ಯಾಪ್‌ಟಾಪಿನ ಮೆಮೊರಿ ಈಗಲೂ ಓಡುತ್ತಿರುವುದು ಅದೇ 2133ರ ವೇಗದಲ್ಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮಗಳ ಓದಿಗೆಂದು ಬೆಳೆ ಮಾರಿದ ದುಡ್ಡು ತೆಗೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು ಎರಡು ಅಂಕಿ ನೋಡಿ. ಡಿಸ್ಕ್ 100 ತೋರಿಸುತ್ತಿದೆಯೇ? ಮೆಮೊರಿ ತುಂಬಿದೆಯೇ? ಅದೇ ಪುಟದಲ್ಲಿ ಎಷ್ಟು ಗೂಡಿದೆ, ಎಷ್ಟು ಖಾಲಿಯಿದೆ, ಈಗಿನ ವೇಗ ಎಷ್ಟು ಎಂಬುದೂ ಇರುತ್ತದೆ, ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಬೇಡದ ವೇಗವನ್ನು ನಿಮಗೆ ಯಾರೂ ಮಾರಲಾರರು.